ಒಂದೇ ಅಕ್ಷರದ ಒಪ್ಪಿಗೆ

೭೮೬

ಪಲ್ಲಾವರಂ, ಮದ್ರಾಸು
೧೪ ಫೆಬ್ರವರಿ ೧೯೮೪

ದಾದಾಪೀರಣ್ಣನಿಗೆ ತಂಗಿ ಮಾಬುನ್ನಿಯ ಸಲಾಮುಗಳು.

ಇಲ್ಲಿ ನಾನೂ ಅಪ್ಪನೂ ಕ್ಷೇಮ. ಅರಬರ ನಾಡಿನ ದಮ್ಮಾಮಿನಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಭಾನುವಾರ ನನ್ನ ನಿಕಾಹ್ ಆಯಿತು. ನಿನಗೆ ರಜೆ ಸಿಗಲಿಲ್ಲ ಎಂಬುದನ್ನು ಅಪ್ಪ ಬಂದವರಿಗೆಲ್ಲ ಹೇಳಿದ. ನೀನು ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರ ನೋಡಿಕೊಳ್ಳುವವನು ಎಂಬುದು ಮಧ್ಯಾಹ್ನದ ಹೊತ್ತಿಗೆ ಅಪ್ಪನ ಬಾಯಲ್ಲಿ ಆಸ್ಪತ್ರೆಯನ್ನೇ ನೋಡಿಕೊಳ್ಳುವವನು ಎಂದಾಗಿತ್ತು. ನಾನು ತಿದ್ದಲು ಹೋಗಲಿಲ್ಲ.

ಅಪ್ಪನ ಸಂತೋಷ ನೀನು ನೋಡಬೇಕಿತ್ತು. ಕಂಪ್ಲಿಯಿಂದ ಹತ್ತಿ ಹಿಂಜುವ ಬಿಲ್ಲು ಹೊತ್ತುಕೊಂಡು ಬಂದ ಪಿಂಜಾರನನ್ನು ಇಲ್ಲಿಯ ಮಸೀದಿಯ ಜಮಾತಿನವರು ಯಾವತ್ತು ತಮ್ಮವನೆಂದು ಎಣಿಸಿದ್ದರು ಹೇಳು! ತಮಿಳು ಸಾಬರಿಗೆ ನಾವು ಕನ್ನಡಕ್ಕಾರರು, ಉರ್ದು ಸಾಬರಿಗೆ ಅರ್ಧ ಸಾಬರು. ಅಂಥದ್ದರಲ್ಲಿ ತೊಗಲಿನ ಮಂಡಿಯವರು ತಾವಾಗಿ ಬಂದು ಹೆಣ್ಣು ಕೇಳಿದರು. “ಮಗಳಾ, ನಾ ಹೊಲಿದ ಹಾಸಿಗಿ ಮ್ಯಾಲೆ ಇವತ್ತು ಜಮಾತಿನ ದೊಡ್ಡೋರೆಲ್ಲ ಕುಂತಾರ ನೋಡು” ಎಂದು ಒಳಗೆ ಬಂದು ಎರಡು ಸಲ ಹೇಳಿ ಹೋದ.

ಒಪ್ಪಿಗೆ ಕೇಳಲು ಮೂವರು ಹಿರಿಯರು ಪರದೆಯ ಹತ್ತಿರ ಬಂದರು. ನಾನು ಒಂದೇ ಅಕ್ಷರ ಹೇಳಿದೆ, ಮುಗಿಯಿತು. ಮದುಮಗ ಮೊಹಿದೀನ್ ಅವರ ಬೆನ್ನು ಮಾತ್ರ ನೋಡಿದೆ. ಒಳ್ಳೆಯ ಬೆನ್ನು. ಅವರು ಪೆನಾಂಗಿನಲ್ಲಿ ತಮ್ಮ ಸೋದರಮಾವನ ವ್ಯಾಪಾರ ನೋಡಿಕೊಳ್ಳುತ್ತಾರಲ್ಲ, ಈ ವಾರವೇ ಹಡಗು. ಎರಡು ವರ್ಷಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರಂತೆ. ಅಲ್ಲಿಯವರೆಗೆ ನಾನು ಅಪ್ಪನ ಮನೆಯಲ್ಲೇ, ಬಾಲವಾಡಿಯ ಮಕ್ಕಳ ಮೂಗು ಒರೆಸಿಕೊಂಡು.

ಎಲ್ಲ ಚೆನ್ನಾಗಿಯೇ ಆಯಿತು.

ನಿನ್ನ ತಂಗಿ
ಮಾಬುನ್ನಿ

*

ಬಿಸ್ಮಿಲ್ಲಾಹ್

ದಮ್ಮಾಂ
೨೦ ಮಾರ್ಚ್ ೧೯೮೪

ತಂಗಿ ಮಾಬುನ್ನಿಗೆ, ಅಸ್ಸಲಾಮು ಅಲೈಕುಂ.

ನಿನ್ನ ಪತ್ರ ಓದಿ ಕಣ್ಣು ತುಂಬಿ ಬಂತು. ದೀನಿನಲ್ಲಿ, ಧರ್ಮದಲ್ಲಿ, ಗಟ್ಟಿಯಾಗಿರುವ ಮನೆಗೆ ನೀನು ಸೇರುತ್ತಿದ್ದೀಯೆ. ಅವ್ವ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ.

ಕೆಲವು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಪತ್ರದ ತಲೆಗೆ ೭೮೬ ಬರೆಯುವುದು ಬಿಡು. ಅದು ಬಿಸ್ಮಿಲ್ಲಾಹ್ ಅಕ್ಷರಗಳಿಗೆ ಯಾರೋ ಆಮೇಲೆ ಕಟ್ಟಿಕೊಂಡ ಲೆಕ್ಕ, ದೀನಿನಲ್ಲಿ ಇಲ್ಲ. ಗುರುವಾರ ಗುಡ್ಡದ ದರ್ಗಾಕ್ಕೆ ಹೋಗಿ ಊದುಬತ್ತಿ ಹಚ್ಚುವುದೂ ಬೇಡ. ಬೇಡುವುದಿದ್ದರೆ ನೇರವಾಗಿ ಅಲ್ಲಾಹನನ್ನೇ ಬೇಡು. ಮೊಹರಂನಲ್ಲಿ ಅಪ್ಪ ಪದ ಹಾಡುವುದನ್ನೂ ಮೆಲ್ಲಗೆ ಬಿಡಿಸು. ಮದುವೆಯ ಉಡುಗೊರೆಯಾಗಿ ಒಂದು ಬುರ್ಖಾ ಮತ್ತು ಪ್ರವಚನದ ಎರಡು ಕ್ಯಾಸೆಟ್ ಕಳಿಸಿದ್ದೇನೆ.

ಅಣ್ಣ ಬದಲಾಗಿದ್ದಾನೆ ಎಂದುಕೊಳ್ಳುತ್ತೀಯೆ, ನನಗೆ ಗೊತ್ತು. ಮೊದಲ ವರ್ಷ ಈ ಕ್ಯಾಂಪಿನಲ್ಲಿ ನನ್ನ ಹೆಸರು ಕೇಳಿ ನಗದವರಿರಲಿಲ್ಲ. ಪೀರನ ಹೆಸರು, ಕನ್ನಡ ಮಾತು, ಉರ್ದು ಬರದು; ನೀನು ಯಾವ ಸೀಮೆಯ ಮುಸಲ್ಮಾನ ಎಂದು ಕೇಳಿದರು. ನಮಾಜಿನಲ್ಲಿ ಸುಮ್ಮನೆ ತುಟಿ ಅಲ್ಲಾಡಿಸುತ್ತಿದ್ದೆ. ಈಗ ಹೈದರಾಬಾದಿನ ಮೌಲ್ವಿ ಸಾಹೇಬರೊಬ್ಬರ ಹತ್ತಿರ ಕೂತು ಅರ್ಥ ಸಮೇತ ಓದುತ್ತಿದ್ದೇನೆ. ಓದಿದಷ್ಟೂ, ಇಷ್ಟು ದಿನ ನಮ್ಮ ಮನೆಯ ಬಾಗಿಲಿನಲ್ಲೇ ನಿಂತು ಒಳಗೆ ಬರದೆ ಇದ್ದೆನಲ್ಲ ಅನ್ನಿಸುತ್ತದೆ.

ಇತಿ,
ಅಬ್ದುಲ್ ರಹೀಂ
(ಗಾಬರಿಯಾಗಬೇಡ, ನಾನೇ, ನಿನ್ನ ದಾದಾಪೀರ್.)

*

ಪಲ್ಲಾವರಂ
೧೫ ಅಕ್ಟೋಬರ್ ೧೯೮೪

ಪ್ರೀತಿಯ ಅಣ್ಣನಿಗೆ ಸಲಾಮುಗಳು.

ನೀನು ಹೇಳಿದಂತೆ ೭೮೬ ಬಿಟ್ಟಿದ್ದೇನೆ. ಪತ್ರದ ತಲೆ ಬೋಳು ಬೋಳಾಗಿ ಕಾಣುತ್ತದೆ. ನಿನ್ನ ಹೊಸ ಹೆಸರನ್ನು ಅಪ್ಪನಿಗೆ ಓದಿ ಹೇಳಿದೆ. “ಪೀರಗ ಹರಕಿ ಹೊತ್ತು ಹಡೆದದ್ದು ಆಕಿ, ಹೆಸರು ಬದಲಿ ಮಾಡೂ ಮೊದ್ಲು ಆಕೀನ ಕೇಳಬೇಕಿತ್ತು” ಎಂದ. ಅವ್ವನ ಗೋರಿಯ ಹತ್ತಿರ ಯಾರು ಹೋಗಿ ಕೇಳುವುದು?

ಬುರ್ಖಾ ಹಾಕಿಕೊಂಡೇ ಬಾಲವಾಡಿಗೆ ಹೋಗುತ್ತಿದ್ದೇನೆ. ಶುಕ್ರವಾರದ ಸಂತೆಯ ನೂಕುನುಗ್ಗಲಿನಲ್ಲಿ ಹಾಯಾಗಿರುತ್ತದೆ, ಸುಳ್ಳಲ್ಲ. ಪಕ್ಕದ ಮನೆಯ ಜಲಜಾ ಅದನ್ನು ನೋಡಿ ಮುಖ ಸಣ್ಣ ಮಾಡಿಕೊಂಡಳು. ಗೊತ್ತಲ್ಲ ಆಕೆ, ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಕನ್ನಡ ಮಾತಾಡುವ ನಾಮದವರ ಮನೆಯ ಮಗಳು. “ಯಾರು ನಿನ್ನ ಕಂಪೆಲ್ ಮಾಡಿದ್ದು, ಸೊಲ್ಲು ಮಾ, ನಾನ್ ಬಂದು ಕೇಳ್ತೀನಿ” ಎಂದು ಸೆರಗು ಸಿಕ್ಕಿಸಿ ನಿಂತಳು. ಯಾರೂ ಇಲ್ಲಮ್ಮ, ಒಗೆಯುವ ಸೀರೆ ಕಡಿಮೆಯಾಯಿತು ಎಂದೆ. ನಂಬಲಿಲ್ಲ.

ಈ ಮೊಹರಂನಲ್ಲಿ ಅಪ್ಪ ಪದ ಹಾಡಲಿಲ್ಲ. ನಾನು ಬಿಡಿಸಲಿಲ್ಲ, ಹೊಸ ಬೀಗರು ಏನೆಂದುಕೊಳ್ಳುತ್ತಾರೋ ಎಂದು ತಾನೇ ಬಿಟ್ಟ. ಬಾಗಿಲು ಮುಂದೆ ಮಾಡಿಕೊಂಡು ದಿನವಿಡೀ ಹತ್ತಿ ಹಿಂಜಿದ. ಜಲಜಾಳ ತಾಯಿ ಶಾರದಮ್ಮ ಪ್ರತಿ ವರ್ಷ ಅಂಗಳದಲ್ಲಿ ಕೂತು ಕೇಳುತ್ತಿದ್ದವರು, ಗೋಡೆಯಾಚೆಯಿಂದಲೇ “ಹುಸೇನಪ್ಪನವರಿಗೆ ಹುಷಾರಿಲ್ವಾ?” ಎಂದರು. ಹೌದು, ಗಂಟಲು ಕಟ್ಟಿದೆ ಎಂದೆ.

ಅಣ್ಣ, ನೀನು ಇಷ್ಟೆಲ್ಲ ಓದುತ್ತಿದ್ದೀಯಲ್ಲ, ಒಂದು ಸಂದೇಹ. ನನ್ನ ಓಣಿಯಲ್ಲಿ ಒಬ್ಬ ಗೆಳತಿ ಇದ್ದಾಳೆ. ಅವಳಿಗೆ ಮದುವೆ ಇಷ್ಟವಿರಲಿಲ್ಲ, ಆದರೆ ನಿಕಾಹ್ ಆಗಿಹೋಯಿತು. ಅವಳು ಬಾಯಿಬಿಟ್ಟು ಒಪ್ಪಿದೆ ಎಂದು ಹೇಳಲೇ ಇಲ್ಲವಂತೆ. ನಿನ್ನ ಪುಸ್ತಕ ಅದಕ್ಕೆ ಏನು ಹೇಳುತ್ತದೆ? ಮೌಲ್ವಿ ಸಾಹೇಬರನ್ನು ಕೇಳಿ ಬರೆ. ಪಾಪ, ಬಹಳ ಕೊರಗುತ್ತಾಳೆ.

ಮಾಬುನ್ನಿ

*

ಬಿಸ್ಮಿಲ್ಲಾಹ್

ದಮ್ಮಾಂ
೨೨ ನವೆಂಬರ್ ೧೯೮೪

ತಂಗಿಗೆ ಸಲಾಂ.

ನಿನ್ನ ಬುರ್ಖಾದ ಸುದ್ದಿ ಕೇಳಿ ಹೃದಯ ತುಂಬಿತು. ಸೀರೆಯ ನೆಪ ನೀನು ಜಲಜಾಳಿಗೆ ಹೇಳಿದ್ದು, ನನಗೆ ನಿನ್ನ ಮನಸ್ಸು ಗೊತ್ತು.

ನಿನ್ನ ಗೆಳತಿಯ ವಿಷಯಕ್ಕೆ ಮೌಲ್ವಿ ಸಾಹೇಬರನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ನಾನೇ ಓದಿದ್ದೇನೆ. ಕನ್ಯೆಯನ್ನು ಕೇಳಿದಾಗ ಅವಳು ಸುಮ್ಮನಿದ್ದರೆ ಆ ಮೌನವೇ ಒಪ್ಪಿಗೆ. ಹೆಣ್ಣಿನ ನಾಚಿಕೆಗೆ ದೀನು ಕೊಟ್ಟ ಮರ್ಯಾದೆ ಅದು. ಹಾಗಾಗಿ ನಿಕಾಹ್ ಸರಿಯಾಗಿಯೇ ಆಗಿದೆ. ತಾಳ್ಮೆಯಿಂದಿರಲು ಹೇಳು. ಸಂಸಾರಕ್ಕೆ ಇಳಿದ ಮೇಲೆ ಮನಸ್ಸು ತಾನೇ ಕೂಡಿಕೊಳ್ಳುತ್ತದೆ. ನಿನ್ನಂಥ ಅದೃಷ್ಟ ಎಲ್ಲರಿಗೂ ಇರುತ್ತದೆಯೇ? ಅವಳ ಹತ್ತಿರ ಕೂತು ನಿನ್ನ ಸಂತೋಷ ಸ್ವಲ್ಪ ಹಂಚಿಕೋ.

ನಿನ್ನ ಅಣ್ಣ
ಅಬ್ದುಲ್ ರಹೀಂ

*

ಬಿಸ್ಮಿಲ್ಲಾಹ್

ದಮ್ಮಾಂ
೯ ಜೂನ್ ೧೯೮೫

ಮಾಬುನ್ನಿ,

ನಾನು ಬರೆದು ಆರು ತಿಂಗಳಾಯಿತು, ನಿನ್ನದೊಂದು ಸಾಲು ಇಲ್ಲ. ಚೆನ್ನಾಗಿದ್ದಾಳೆ, ಮಾತು ಕಡಿಮೆ ಎಂದು ಅಪ್ಪ ಯಾರದೋ ಕೈಯಲ್ಲಿ ಬರೆಸಿದ್ದ. ನೀನು, ಮಾತು ಕಡಿಮೆ! ನಗು ಬಂತು. ಪೆನಾಂಗಿಗೆ ಹೋಗುವ ತಯಾರಿಯಲ್ಲಿ ಅಣ್ಣನನ್ನು ಮರೆತಿರಬೇಕು.

ಸುಪ್ರೀಂ ಕೋರ್ಟಿನ ತೀರ್ಪಿನ ಸುದ್ದಿ ಅಲ್ಲಿಯೂ ಜೋರಾಗಿರುತ್ತದೆ. ತಲಾಖ್ ಆದವಳಿಗೆ ಜೀವನಾಂಶ ಕೊಡಬೇಕೆಂದಷ್ಟೇ ಹೇಳಿ ಬಿಟ್ಟಿದ್ದರೆ ಬೇರೆ ಮಾತು. ನಮ್ಮ ಶರೀಯತ್ತಿಗೆ ಹೊರಗಿನವರು ಅರ್ಥ ಹೇಳುತ್ತಾರೆ ಎಂದು ಇಲ್ಲಿ ಎಲ್ಲರ ರಕ್ತ ಕುದಿಯುತ್ತಿದೆ. ಇವತ್ತು ಇದು, ನಾಳೆ ಇನ್ನೇನೋ. ಜಮಾತಿನವರು ಹೆಂಗಸರ ಸಹಿ ತೆಗೆದುಕೊಳ್ಳುತ್ತಿದ್ದರೆ ನೀನೂ ಮುಂದೆ ನಿಂತು ಹಾಕು. ಓದು ಬಲ್ಲವಳು, ನಾಲ್ಕು ಜನಕ್ಕೆ ಹೇಳು.

ಬರೆ, ತಾಯಿ. ನಿನ್ನ ಪತ್ರ ಬರದಿದ್ದರೆ ಈ ಊರಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುವವರು ಯಾರೂ ಇಲ್ಲ.

ಅಬ್ದುಲ್ ರಹೀಂ

*

ಪಲ್ಲಾವರಂ
೪ ಆಗಸ್ಟ್ ೧೯೮೫

ಅಣ್ಣನಿಗೆ,

ನನಗೆ ಓಣಿಯಲ್ಲಿ ಅಂಥ ಗೆಳತಿ ಯಾರೂ ಇಲ್ಲ.

ನೀನು ನನ್ನ ಅದೃಷ್ಟದ ಬಗ್ಗೆ ಬರೆದದ್ದನ್ನು ಓದಿ ಆ ಪತ್ರವನ್ನು ಒಲೆಗೆ ಹಾಕಿದೆ. ಆಮೇಲೆ ಬರೆಯಲು ಮನಸ್ಸು ಬರಲಿಲ್ಲ. ನಿನ್ನ ತಪ್ಪೇನಿದೆ, ಮುಚ್ಚಿಟ್ಟವಳು ನಾನು. ಈಗ ಎಲ್ಲ ಹೇಳಿಬಿಡುತ್ತೇನೆ.

ಮದುವೆ ಬೇಡವೆಂದು ನನಗೆ ಮೊದಲ ದಿನದಿಂದ ಇತ್ತು. ಆ ಮನುಷ್ಯನ ಮೇಲೆ ಸಿಟ್ಟಿಲ್ಲ. ಬೆನ್ನಿನ ಮೇಲೆ ಯಾರಿಗಾದರೂ ಏನು ಸಿಟ್ಟಿರುತ್ತದೆ? ಕಾಣದ ದೇಶಕ್ಕೆ, ಕಾಣದವನ ಜೊತೆ, ನನ್ನ ಬಾಲವಾಡಿ ಬಿಟ್ಟು ಹೋಗಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ಅಪ್ಪನಿಗೆ ಹೇಳೋಣವೆಂದು ಎಷ್ಟೋ ಸಲ ಹತ್ತಿರ ಹೋಗಿ ಅವನ ಮುಖ ನೋಡಿ ವಾಪಸು ಬಂದೆ. ಕಡೆಗೆ, ನಿಕಾಹ್ ದಿನ ಕೇಳಿಯೇ ಕೇಳುತ್ತಾರಲ್ಲ, ಆಗ ಬೇಡ ಎಂದುಬಿಡೋಣ ಎಂದು ಗಟ್ಟಿ ಮಾಡಿಕೊಂಡೆ. ಅಡುಗೆ ಮಾಡುವಾಗ, ಬಾವಿಯಲ್ಲಿ ನೀರು ಸೇದುವಾಗ, ಆ ಮಾತನ್ನೇ ಅಂದುಕೊಂಡು ರೂಢಿ ಮಾಡಿದೆ.

ಆ ದಿನ ಹೊರಗೆ ಮೈಕು, ಒಳಗೆ ಹೆಂಗಸರ ಗದ್ದಲ. ಹಿರಿಯರು ಪರದೆಯಾಚೆ ಏನೋ ಗೊಣಗಿದರು. ನನಗೆ ಒಂದು ಮಾತೂ ಕೇಳಿಸಲಿಲ್ಲ. ‘ಆಂ?’ ಅಂದೆ. ನಮ್ಮ ಮನೆಯಲ್ಲಿ ಕೇಳಿಸದಿದ್ದರೆ ಇನ್ನೇನು ಅನ್ನುತ್ತೇವೆ ಹೇಳು, ಏನಂದಿರಿ ಎಂದು ಕೇಳುವುದು ಹಾಗೆಯೇ ಅಲ್ಲವೇ? ಆದರೆ ತಮಿಳಿನಲ್ಲಿ ಆಂ ಎಂದರೆ ಹೌದು. “ಪೊಣ್ಣು ಆಂ ಸೊಲ್ಲಿಡುಚ್ಚು” ಎಂದು ಅವರು ಎದ್ದೇಬಿಟ್ಟರು. ಹುಡುಗಿ ಹೌದಂದಳು ಎಂದು ಹೊರಗೆ ಕೂಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಖರ್ಜೂರ ಹಂಚುತ್ತಿದ್ದರು.

ನಗುತ್ತೀಯೋ ಅಳುತ್ತೀಯೋ ನಿನಗೆ ಬಿಟ್ಟದ್ದು. ನಾನು ಎರಡೂ ಮಾಡಿ ಮುಗಿಸಿದ್ದೇನೆ.

ಇನ್ನೊಂದು ಮಾತು. ಖರ್ಜೂರದ ತಟ್ಟೆ ಹಿಡಿದು ಅಪ್ಪ ಬಾಗಿಲಿನಲ್ಲೇ ನಿಂತಿದ್ದ. ಅವನು ಕನ್ನಡದವನು, ನನ್ನ ಅಪ್ಪ, ನನ್ನ ‘ಆಂ’ ಎಂಥದ್ದೆಂದು ಅವನಿಗೆ ಗೊತ್ತಿಲ್ಲವೇ? ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ತಟ್ಟೆಯ ಕಡೆ ನೋಡಿದ. ಅಂದಿನಿಂದ ಇಂದಿನವರೆಗೆ ನಾವಿಬ್ಬರೂ ಆ ಮಾತು ಎತ್ತಿಲ್ಲ.

ಜಲಜಾಳಿಗೆ ಮಾತ್ರ ಹೇಳಿದೆ. “ಕೋರ್ಟ್ ಇರೋದು ಯಾಕೆ ಮತ್ತೆ?” ಎಂದು ಕುಣಿದಳು. ಅವಳ ಆಫೀಸಿನ ಒಬ್ಬರ ಮೂಲಕ ಯಾವುದೋ ಪಕ್ಷದ ಮನುಷ್ಯ ಬಂದ. ಸಭೆಯಲ್ಲಿ ಮಾತಾಡಿ, ಮುಸ್ಲಿಂ ಹೆಣ್ಣಿನ ಗೋಳು ದೇಶಕ್ಕೆ ಗೊತ್ತಾಗಲಿ ಎಂದ. ಅದೇ ವಾರ ಜಮಾತಿನವರು ಬಂದು, ನಮ್ಮ ಹೆಣ್ಣುಮಕ್ಕಳಿಗೆ ಯಾವ ಗೋಳೂ ಇಲ್ಲ ಎಂದು ಸಹಿ ಹಾಕಿ ಎಂದರು. ಎರಡು ಕಡೆಯವರಿಗೂ ಟೀ ಕೊಟ್ಟು ಕಳಿಸಿದೆ. ಏನಮ್ಮ ಆಗಿದ್ದು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಶರೀಯತ್ತಿಗೆ ಯಾರೋ ಕೈ ಹಾಕಿದರು ಎಂದು ನಿನ್ನ ರಕ್ತ ಕುದಿಯುತ್ತದೆ. ಆ ಶರೀಯತ್ತಿನಲ್ಲಿ ನನಗೂ ಒಂದು ಪಾಲಿದೆಯೇ ಅಣ್ಣ? ಅದನ್ನು ಮಾತ್ರ ಬರೆ. ಮುಂದಿನ ಫೆಬ್ರವರಿಗೆ ಅವರು ಬರುತ್ತಾರೆ. ಬಂದರೆ ನಾನು ಹೋಗಲೇಬೇಕು.

ಮಾಬುನ್ನಿ

*

ದಮ್ಮಾಂ
೧೧ ಅಕ್ಟೋಬರ್ ೧೯೮೫

ನನ್ನ ಮಾಬು,

ನಿನ್ನ ಪತ್ರ ಓದಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಉತ್ತರ ತಡವಾದದ್ದಕ್ಕೆ ಕಾರಣ, ಈ ಸಲ ನನ್ನ ಅರೆಬರೆ ಓದನ್ನು ನಂಬಲಿಲ್ಲ. ಮೌಲ್ವಿ ಸಾಹೇಬರು ಉಮ್ರಾ ಯಾತ್ರೆಗೆ ಹೋಗಿದ್ದರು, ಬರುವವರೆಗೆ ಕಾದೆ. ನನ್ನ ತಂಗಿಯ ವಿಷಯ ಎಂದೇ ಹೇಳಿದೆ, ಗೆಳೆಯನ ತಂಗಿ ಎನ್ನಲಿಲ್ಲ.

ಅವರು ಹೇಳಿದ್ದು ಇಷ್ಟು. ಕನ್ಯೆಯ ಮೌನ ಒಪ್ಪಿಗೆ, ನಿಜ. ಆದರೆ ನಿನ್ನ ತಂಗಿ ಮೌನವಾಗಿರಲಿಲ್ಲವಲ್ಲ. ಅವಳು ಪ್ರಶ್ನೆ ಕೇಳಿದಳು. ಪ್ರಶ್ನೆ ಒಪ್ಪಿಗೆಯಾಗುವುದು ಯಾವ ಕಿತಾಬಿನಲ್ಲಿದೆ? ಅವಳಿಗೆ ತಿಳಿಯುವಂತೆ ಮತ್ತೆ ಹೇಳಬೇಕಿತ್ತು, ಮತ್ತೆ ಕೇಳಬೇಕಿತ್ತು. ವಯಸ್ಸಿಗೆ ಬಂದ ಹೆಣ್ಣು ಒಪ್ಪದೆ ನಮ್ಮಲ್ಲಿ ನಿಕಾಹ್ ಇಲ್ಲ. ಅವಳು ಗಂಡಿನ ಮನೆಗೂ ಹೋಗಿಲ್ಲ, ಹಾಗಾಗಿ ಆಮೇಲೆ ಒಪ್ಪಿದಳು ಎನ್ನಲೂ ದಾರಿಯಿಲ್ಲ. ಇಷ್ಟವಿಲ್ಲದೆ ಅಪ್ಪ ಮದುವೆ ಮಾಡಿಸಿದ ಎಂದು ಒಬ್ಬ ಹೆಣ್ಣುಮಗಳು ಪ್ರವಾದಿಯವರ ಮುಂದೆ ಬಂದು ಹೇಳಿದಾಗ, ಇರುವುದೋ ಬಿಡುವುದೋ ಎಂಬುದನ್ನು ಅವರು ಅವಳಿಗೇ ಬಿಟ್ಟರಂತೆ. ಇದನ್ನು ಕೇಳುತ್ತ ನಾನು ಅಲ್ಲೇ ಅತ್ತುಬಿಟ್ಟೆ.

ನಿನಗೆ ಪಾಲಿದೆ, ಮಾಬು. ಅದನ್ನು ಜಮಾತಿನಲ್ಲೇ ಕೇಳು. ಇಮಾಮರಿಗೆ ನಾನೂ ಮೌಲ್ವಿ ಸಾಹೇಬರೂ ಬರೆಯುತ್ತಿದ್ದೇವೆ. ಕೋರ್ಟಿಗೆ ಹೋಗಬೇಡ ಎಂದು ಅಪ್ಪಣೆ ಮಾಡುತ್ತಿಲ್ಲ. ಜಮಾತಿನವರು ಕೇಳದಿದ್ದರೆ ಜಲಜಾಳ ಕೈ ಹಿಡಿದು ಹೋಗು, ನಾನು ನಿನ್ನ ಹಿಂದೆ ಇರುತ್ತೇನೆ.

ಒಂದೇ ತೊಡಕು. ನೀನು ಪ್ರಶ್ನೆ ಕೇಳಿದೆ ಎನ್ನಲು ಕನ್ನಡ ಬಲ್ಲ ಸಾಕ್ಷಿ ಬೇಕು. ಬಾಗಿಲಿನಲ್ಲಿದ್ದವನು ಅಪ್ಪ ಒಬ್ಬನೇ. ಅವನು ಬಾಯಿ ಬಿಟ್ಟರೆ ಆ ಮಸೀದಿಯಲ್ಲಿ ಮೂವತ್ತು ವರ್ಷಕ್ಕೆ ಸಿಕ್ಕ ಜಾಗ ಹೋಗುತ್ತದೆ. ಅವನಿಗೆ ನಾನು ಏನೂ ಬರೆಯಲಾರೆ. ನೀನೇ ಕೇಳು.

ನಿನ್ನ ಅಣ್ಣ

*

ಪಲ್ಲಾವರಂ
೨೨ ಮಾರ್ಚ್ ೧೯೮೬

ದಾದಾಪೀರಣ್ಣನಿಗೆ,

ನಿನ್ನ ಪತ್ರವನ್ನು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಅವನು ಸೂಜಿಗೆ ದಾರ ಪೋಣಿಸಿ ಹಾಸಿಗೆ ಹೊಲಿಯಲು ಕೂತ. ತಿಂಗಳುಗಟ್ಟಲೆ ಹಾಗೆಯೇ ಹೊಲಿದ. ನಾನೂ ಮತ್ತೆ ಕೇಳಲಿಲ್ಲ.

ಮೊಹಿದೀನ್ ಅವರು ಫೆಬ್ರವರಿಯಲ್ಲಿ ಬಂದರು. ನಾನು ಇಮಾಮರಿಗೆ ಅರ್ಜಿ ಕಳಿಸಿದೆ. ಇಮಾಮ್ ಹಜರತರು ಒಳ್ಳೆಯವರು, ಆದರೆ ಊರಿನ ಗಾಳಿ ಬಿಸಿಯಾಗಿತ್ತು. ದೆಹಲಿಯಲ್ಲಿ ಹೊಸ ಕಾನೂನು ಬರುತ್ತಿದೆ, ಇಂಥ ಹೊತ್ತಿನಲ್ಲಿ ನಮ್ಮವಳೇ ನಮ್ಮ ನಿಕಾಹ್ ಸರಿಯಿಲ್ಲ ಎಂದರೆ ಪೇಪರಿನವರಿಗೆ ಹಬ್ಬ ಎಂದು ಕೆಲವರು ಕೂಗಾಡಿದರು. ಕಡೆಗೆ ಕಳೆದ ಭಾನುವಾರ ಮಸೀದಿಯ ಜಗುಲಿಯಲ್ಲಿ ಜಮಾತು ಸೇರಿತು. ಪಕ್ಕದ ಮದ್ರಸಾ ಕೋಣೆಗೆ ಪರದೆ ಕಟ್ಟಿ ನನ್ನನ್ನು ಕೂರಿಸಿದರು. ಜಲಜಾ ಆಫೀಸಿಗೆ ಹೋಗುವಾಗಿನ ಹಾಗೆ ಕೈಗಡಿಯಾರ ಕಟ್ಟಿಕೊಂಡು, ನಾಮ ಇಟ್ಟುಕೊಂಡು, ನನ್ನ ಪಕ್ಕ ಬಂದು ಕೂತಳು.

ಒಪ್ಪಿಗೆ ಕೇಳಿದ್ದ ಹಿರಿಯರು ಎದ್ದು, ಹುಡುಗಿ ಹೌದಂದಳು ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ ಅಣ್ಣ, ಅವರ ಕಿವಿಗೆ ಬಿದ್ದದ್ದು ಅದೇ. ನಾನು ಪರದೆಯ ಒಳಗಿನಿಂದ, ಇಲ್ಲ, ನಾನು ಏನೆಂದು ಕೇಳಿದೆ ಎಂದೆ. ಯಾರೋ ನಕ್ಕರು. “ಇವಂಗಳುಕ್ಕು ಮಾರ್ಕಂ ಎನ್ನ ತೆರಿಯುಂ” ಎಂದ ಒಬ್ಬ. ಇವರಿಗೆ ದೀನಿನ ದಾರಿ ಏನು ಗೊತ್ತು ಎಂದು. ನೀನು ಕ್ಯಾಂಪಿನಲ್ಲಿ ಪಟ್ಟದ್ದು ಏನೆಂದು ನನಗೆ ಆಗ ಅರ್ಥವಾಯಿತು.

ಹಜರತರು, “ಹುಸೇನಪ್ಪ, ನೀಂಗ ಅಂಗೆ ಇರುಂದೀಂಗಳಾ?” ಎಂದರು, ನೀವು ಅಲ್ಲಿ ಇದ್ದಿರಾ ಎಂದು. ಪರದೆಯ ಸಂದಿನಲ್ಲಿ ನೋಡಿದೆ. ಅಪ್ಪ ಎಲ್ಲರ ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತಿದ್ದ. ನಿಧಾನವಾಗಿ ಎದ್ದ. ಮೂವತ್ತು ವರ್ಷ ತಮಿಳು ಮಾತಾಡಿದ ಬಾಯಿಗೆ ಒಂದು ತಮಿಳು ಶಬ್ದ ಸಿಗಲಿಲ್ಲ. ಕನ್ನಡದಲ್ಲೇ ಹೇಳಿದ:

“ನನ್ನ ಮಗಳು ಏನು ಅಂತ ಕೇಳಿದ್ಲು, ಹಜರತ್. ನಾ ಬಾಗಲದಾಗ ನಿಂತು ಕೇಳೀನಿ. ಆಕಿ ಕೇಳಿದ್ದಕ್ಕ ಯಾರೂ ಉತ್ರ ಕೊಡಲಿಲ್ಲ. ನಾನೂ ಕೊಡಲಿಲ್ಲ.”

ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಗ ನನ್ನ ಪಕ್ಕದಿಂದ ಜಲಜಾ ಗಟ್ಟಿಯಾಗಿ, ಒಂದು ಮಾತೂ ಬಿಡದೆ ಅದನ್ನು ತಮಿಳಿನಲ್ಲಿ ಹೇಳಿದಳು. ಮಸೀದಿಯಲ್ಲಿ ಹೆಂಗಸಿನ ದನಿ ಯಾಕೆ, ಅದರಲ್ಲೂ ನಾಮ ಇಟ್ಟವಳದ್ದು ಯಾಕೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಮೊಹಿದೀನ್ ಅವರು ಎದ್ದರು. ಈ ಸಲ ಮುಖ ಕಂಡಿತು. ಹೆದರಿದ ಮುಖ, ನನ್ನದರ ಹಾಗೆಯೇ. ಇವತ್ತು ಅವರಿಗೆ ಕೇಳಿಸುವ ಹಾಗೆ ಕೇಳಿ, ಏನು ಹೇಳಿದರೂ ನನಗೆ ಒಪ್ಪಿಗೆ ಎಂದರು. ಹಜರತರು ತಾವೇ ಪರದೆಯ ಹತ್ತಿರ ಬಂದು ಬಿಡಿಸಿ ಬಿಡಿಸಿ ಕೇಳಿದರು. ಕೇಳಿಸಿತೇನಮ್ಮ ಎಂದೂ ಕೇಳಿದರು. ಕೇಳಿಸಿತು ಹಜರತ್, ನನಗೆ ಬೇಡ ಎಂದೆ. ಅಳಲಿಲ್ಲ. ಆ ನಿಕಾಹ್ ಆಗಿಯೇ ಇರಲಿಲ್ಲ ಎಂದು ಹಜರತರು ತೀರ್ಮಾನ ಹೇಳಿದರು. ಕೆಲವರು ಅಪ್ಪನಿಗೆ ಸಲಾಂ ಹೇಳದೆ ಎದ್ದು ಹೋದರು.

ಗುಡ್ಡದ ದರ್ಗಾಕ್ಕೆ ಹೋಗಿ ಊದುಬತ್ತಿ ಹಚ್ಚಿ ಬಂದೆ. ನಿನಗೆ ಇಷ್ಟವಾಗುವುದಿಲ್ಲ, ಆದರೂ ಹೇಳುತ್ತಿದ್ದೇನೆ. ಇನ್ನು ಮುಂದೆ ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ನಿನ್ನ ಮೌಲ್ವಿ ಸಾಹೇಬರಿಗೆ ನನ್ನ ಸಲಾಂ ಹೇಳು. ನಮಾಜಿನಲ್ಲಿ ಅವರಿಗಾಗಿಯೂ ಬೇಡಿಕೊಂಡಿದ್ದೇನೆ.

ನಿನ್ನೆ ಶುಕ್ರವಾರ. ಅಪ್ಪ ಸ್ನಾನ ಮಾಡಿ, ಟೋಪಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದ. ಮಸೀದಿಯಲ್ಲಿ ಬಾಂಗು ಕೂಗಿದ ಮೇಲೆ ಎದ್ದು ಹೋದ. ಬಂದವನು ಊಟಕ್ಕೆ ಕೂತ. ಅರ್ಧ ಊಟವಾದ ಮೇಲೆ ತಾನಾಗಿ ಹೇಳಿದ:

“ಕಡೀ ಸಾಲಿನಾಗ ಮೂಲ್ಯಾಗ ನಿಂತಿದ್ದೆ. ನನ್ನ ಬಾಜು ಜಾಗ ಖಾಲಿ ಇತ್ತು. ಬಂದೋರು ನೋಡಿ ಮುಂದ ಮುಂದ ಹೋದ್ರು.”

“ಆಮ್ಯಾಲೆ?”

“ಆಮ್ಯಾಲೆ ಮೊಹಿದೀನ್ ಬಂದ. ಮುಂದಿನ ಸಾಲಿನಾಗ ಅವರಪ್ಪ ಜಾಗ ಹಿಡಿದಿದ್ದ, ಕೈ ಮಾಡಿ ಕರೆದ. ಹುಡುಗ ಹೋಗಲಿಲ್ಲ. ನನ್ನ ಬಾಜು ಬಂದು ಭುಜಕ್ಕ ಭುಜ ಹಚ್ಚಿ ನಿಂತ.”

ಇಷ್ಟು ಹೇಳಿ ಅಪ್ಪ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಹಾಗೇ ಕೂತುಬಿಟ್ಟ. ನಾನು ಇನ್ನಷ್ಟು ಅನ್ನ ಬಡಿಸಿದೆ.

ನಿನ್ನ ತಂಗಿ
ಮಾಬುನ್ನಿ